ಗುಂಡುವಿನ ಸ್ನೇಹಕ್ಕೆ ಟೆಂಡರ್

ನಾಲ್ಕು ವರ್ಷ ತುಂಬಿದ ಪ್ರತಿಯೊಂದು ಮಗುವಿಗೂ ಕನಿಷ್ಠ ಒಬ್ಬ ಸ್ನೇಹಿತ ಇರತಕ್ಕದ್ದು ಎಂದು ಇಲಾಖೆ ಆದೇಶ ಹೊರಡಿಸಿದ ವರ್ಷವೇ ನಮ್ಮ ಶಿಶುವಿಹಾರದ ಅಧ್ಯಕ್ಷರ ಮೊಮ್ಮಗನಿಗೆ ನಾಲ್ಕು ತುಂಬಿತು.

ಆದೇಶದಲ್ಲಿ ತಪ್ಪೇನೂ ಇರಲಿಲ್ಲ. ಮಗುವಿನ ಸಾಮಾಜಿಕ ಮತ್ತು ಭಾವನಾತ್ಮಕ ವಿಕಾಸ ತನ್ನಷ್ಟಕ್ಕೆ ತಾನೇ ಆಗುತ್ತದೆ ಎಂದು ಜನ ಬಹಳ ಕಾಲ ನಂಬಿದ್ದರು. ಇಲಾಖೆ ನಂಬಲಿಲ್ಲ. ತನ್ನಷ್ಟಕ್ಕೆ ತಾನೇ ಆಗುವ ಕೆಲಸಕ್ಕೆ ಅನುದಾನ ಬರುವುದಿಲ್ಲ.

ಅಧ್ಯಕ್ಷರು ಕಟ್ಟಡದ ಗುತ್ತಿಗೆದಾರರು. ಶಿಶುವಿಹಾರವನ್ನು ಕಟ್ಟಿದವರೂ ಅವರೇ. ಗೋಡೆ ಬಿರುಕು ಬಿಟ್ಟಾಗ ಬಂದು ನೋಡಿ, ಬಿರುಕು ಇಲ್ಲ ಎಂದು ಬರೆದುಕೊಡುವವರೂ ಅವರೇ. ಹೀಗಾಗಿ ಸಂಸ್ಥೆಯಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ.

ಮೊಮ್ಮಗನನ್ನು ಎಲ್ಲರೂ ಗುಂಡು ಎನ್ನುತ್ತಿದ್ದರು. ಅವನು ಕಚ್ಚುತ್ತಿದ್ದ. ಉಳಿದ ಮಕ್ಕಳು ಅವನ ಬಾಯಿಗೆ ಎಟುಕದಷ್ಟು ದೂರದಲ್ಲಿ ಆಡುತ್ತಿದ್ದವು. ಎದುರು ಬೀದಿಯ ಹೊಲಿಗೆಯಾಕೆಯ ಮಗಳು ಮಾತ್ರ ದೂರ ಹೋಗುತ್ತಿರಲಿಲ್ಲ. ಸಣಕಲು ಹುಡುಗಿ. ಕಡ್ಡಿ ಎಂದೇ ಹೆಸರು ಬಿದ್ದಿತ್ತು.

ಒಂದು ದಿನ ಮರಳಿನ ಗುಂಡಿಯಲ್ಲಿ ಇಬ್ಬರೂ ಒಂದೇ ಬಕೆಟ್ಟಿಗೆ ಕೈ ಹಾಕಿದರು. ಗುಂಡು ಅವಳ ತೋಳು ಕಚ್ಚಿದ. ಕಡ್ಡಿ ಬಕೆಟ್ ಎತ್ತಿ ಅವನ ಹಣೆಗೆ ಬಾರಿಸಿದಳು. ಇಬ್ಬರೂ ಬಾಯಿ ಬಿಟ್ಟು ಅತ್ತರು. ಅತ್ತು ಸಾಕಾದ ಮೇಲೆ ಗುಂಡು ಅವಳ ತೋಳಿನ ಮೇಲೆ ಉಫ್ ಎಂದು ಊದಿದ. ಅವಳು ಅವನ ಹಣೆ ಊದಿದಳು. ಆಮೇಲೆ ಇಬ್ಬರೂ ಸೇರಿ ಬಕೆಟ್ ತುಂಬಿದರು. ಅಂದಿನಿಂದ ಗುಂಡು ಕಚ್ಚುವುದನ್ನು ಬಿಟ್ಟ. ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟ ಕೂಡಲೇ "ಕಡ್ಡಿ ಬಂದ್ಲಾ?" ಎಂದು ಕೇಳುತ್ತಿದ್ದ.

ಆದೇಶ ಬಂದಾಗ ಟೀಚರ್ ಪ್ರತಿ ಮಗುವಿನ ಹೆಸರಿನ ಮುಂದೆಯೂ ಒಬ್ಬ ಸ್ನೇಹಿತರ ಹೆಸರು ಬರೆದರು. ಗುಂಡುವಿನ ಮುಂದೆ ಕಡ್ಡಿಯ ಹೆಸರು ಬರೆದರು. ಅಧ್ಯಕ್ಷರು ಅದನ್ನು ನೋಡಿ ಟೀಚರನ್ನು ಕರೆಸಿದರು.

"ಏನ್ರೀ ಇದು? ಹಣೆ ಮೇಲೆ ಬುಗುಟು ಎಬ್ಬಿಸಿದ ಹುಡುಗಿ ಸ್ನೇಹಿತೆನಾ?"

"ಹೌದು ಸಾರ್. ಜಗಳ ಆಡಿ, ಅವರೇ ರಾಜಿ ಆಗಿದಾರೆ. ಈ ವಯಸ್ಸಲ್ಲಿ ಅದೇ ದೊಡ್ಡ ಕಲಿಕೆ."

"ಅವಳನ್ನ ಆರಿಸಿದ್ದು ಯಾರು?"

"ಗುಂಡುನೇ."

"ಬೇರೆಯೋರಿಗೆ ಅವಕಾಶ ಕೊಟ್ಟಿದ್ರಾ?"

"ಇಲ್ಲ ಸಾರ್."

"ಈ ಸಂಸ್ಥೇಲಿ ಟೆಂಡರ್ ಕರೀದೆ ಒಂದು ಬಾಗಿಲ ಚಿಲಕ ತಗೊಂಡಿಲ್ಲ. ನನ್ನ ಮೊಮ್ಮಗನಿಗೆ ಮಾತ್ರ ಕೈಗೆ ಸಿಕ್ಕಿದ್ದನ್ನ ತಗೊಂಡುಬಿಡೋದಾ? ನಾಳೆ ಆಡಿಟ್‌ನೋರು ಕೇಳಿದ್ರೆ ನೀವು ಹೋಗಿ ಉತ್ತರ ಕೊಡ್ತೀರಾ?"

ಟೀಚರ್ ಆ ಹೆಸರಿನ ಮೇಲೆ ಗೀಟು ಎಳೆದರು. ಅವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಮರುದಿನ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು.

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸಂಸ್ಥೆಯ ಅಧ್ಯಕ್ಷರ ಮೊಮ್ಮಗನಿಗೆ ಒಂದು ಶೈಕ್ಷಣಿಕ ವರ್ಷದ ಅವಧಿಗೆ ಸ್ನೇಹ ಒದಗಿಸುವ ಕಾಮಗಾರಿಗಾಗಿ ಅರ್ಹ ಮಕ್ಕಳಿಂದ ಮೊಹರು ಮಾಡಿದ ಲಕೋಟೆಗಳಲ್ಲಿ ಟೆಂಡರ್ ಆಹ್ವಾನಿಸಲಾಗಿದೆ. ಟೆಂಡರುದಾರ ಮಗುವು ಇದೇ ಸ್ವರೂಪದ ಸ್ನೇಹವನ್ನು ಈ ಹಿಂದೆ ತೃಪ್ತಿಕರವಾಗಿ ಪೂರ್ಣಗೊಳಿಸಿರತಕ್ಕದ್ದು. ಯಾರಿಗೂ ಹೊಡೆದಿರಕೂಡದು. ಕಚ್ಚಿಸಿಕೊಂಡ ಅನುಭವ ಇದ್ದಲ್ಲಿ ಆದ್ಯತೆ ನೀಡಲಾಗುವುದು. ಮಗುವು ತನ್ನ ಮೆಚ್ಚಿನ ಆಟಿಕೆಯೊಂದನ್ನು ಠೇವಣಿಯಾಗಿ ಇಡತಕ್ಕದ್ದು. ಕಾಮಗಾರಿಯ ನಡುವೆ ಅತ್ತಲ್ಲಿ ಠೇವಣಿ ಮುಟ್ಟುಗೋಲು ಹಾಕಿಕೊಳ್ಳಲಾಗುವುದು. ಅತಿ ಕಡಿಮೆ ಬೇಡಿಕೆಯುಳ್ಳ ಮಗುವನ್ನು ಆಯ್ಕೆ ಮಾಡಲಾಗುವುದು. ಕಾರಣ ನೀಡದೆ ಯಾವುದೇ ಸ್ನೇಹವನ್ನು ತಿರಸ್ಕರಿಸುವ ಹಕ್ಕನ್ನು ಅಧ್ಯಕ್ಷರು ಕಾಯ್ದಿರಿಸಿಕೊಂಡಿದ್ದಾರೆ."

ಜನ ಮುಗಿಬಿದ್ದರು. ಅಧ್ಯಕ್ಷರು ದೊಡ್ಡ ಶಾಲೆಯ ಸಮಿತಿಯಲ್ಲೂ ಇದ್ದರು. ಅಲ್ಲಿ ಸೀಟು ಯಾರಿಗೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗುಂಡು ಕಚ್ಚಿದನೆಂದು ಮೊನ್ನೆ ಮೊನ್ನೆ ಜಗಳಕ್ಕೆ ಬಂದಿದ್ದ ತಾಯಂದಿರು ಈಗ ಟೀಚರ್ ಮನೆಯ ಬಾಗಿಲು ತಟ್ಟಿದರು.

"ನಮ್ಮವಳಿಗೆ ಕಚ್ಚಿದ ಗುರುತು ಮಾಸಿಹೋಗಿದೆ ಟೀಚರ್. ಚೆನ್ನಾಗೇ ಕಚ್ಚಿದ್ದ ಅಂತ ಒಂದು ಸರ್ಟಿಫಿಕೇಟ್ ಬರ್ಕೊಡಿ."

ಒಬ್ಬ ತಂದೆಯ ಪಾಡು ಕಷ್ಟವಾಗಿತ್ತು. ಅವರ ಮಗನನ್ನು ಗುಂಡು ಒಮ್ಮೆಯೂ ಕಚ್ಚಿರಲಿಲ್ಲ. ಅವರು ಮಗನ ತೋಳನ್ನು ಗುಂಡುವಿನ ಬಾಯಿಯ ಹತ್ತಿರ ಹಿಡಿದು, "ಸ್ವಲ್ಪ ಕಚ್ಚಪ್ಪ, ಏನೂ ಅಂದ್ಕೊಳಲ್ಲ" ಎಂದು ಬೇಡಿದರು. ಗುಂಡು ಮುಖ ತಿರುಗಿಸಿಕೊಂಡ. ಆ ತಂದೆ ಮನೆಗೆ ಹೋಗಿ ತಾವೇ ಏರ್ಪಾಡು ಮಾಡಿಕೊಂಡು ಬಂದರು. ಪರಿಶೀಲನೆಯಲ್ಲಿ ಅದು ದೊಡ್ಡವರ ಹಲ್ಲಿನ ಗುರುತೆಂದು ಕಂಡುಬಂತು. ಅರ್ಜಿ ತಿರಸ್ಕೃತವಾಯಿತು.

ಲಕೋಟೆ ತೆರೆಯಲು ಇಲಾಖೆಯಿಂದ ವಿಕಾಸಾಧಿಕಾರಿ ಬಂದರು. ಮಕ್ಕಳ ಮನಸ್ಸಿನ ಬಗ್ಗೆ ಅವರು ಬಹಳ ಓದಿದ್ದರು. ಮಕ್ಕಳು ಹತ್ತಿರ ಬಂದರೆ ಮಾತ್ರ ಕರವಸ್ತ್ರ ತೆಗೆದು ಪ್ಯಾಂಟು ಒರೆಸಿಕೊಳ್ಳುತ್ತಿದ್ದರು. ಅಧ್ಯಕ್ಷರ ಪಕ್ಕದಲ್ಲಿ ಕುಳಿತು ಒಂದೊಂದೇ ಮಗುವನ್ನು ಒಳಗೆ ಕರೆಸಿದರು.

ಕಡ್ಡಿಯ ಸರದಿ ಬಂತು.

"ನಿನಗೇನು ಬೇಕಮ್ಮ?" ಎಂದರು ಅಧಿಕಾರಿ.

"ಗುಂಡು."

"ಗುಂಡು ಕಾಮಗಾರಿ. ನಿನ್ನ ಬೇಡಿಕೆ ಏನು?"

ಕಡ್ಡಿ ಯೋಚಿಸಿದಳು. "ಬಕೆಟ್. ಸ್ವಲ್ಪ ಹೊತ್ತು ನಂಗೆ, ಸ್ವಲ್ಪ ಹೊತ್ತು ಅವನಿಗೆ."

"ಸಮಪಾಲು ಕೇಳ್ತಾ ಇದಾಳೆ" ಎಂದರು ಅಧ್ಯಕ್ಷರು.

ಅಧಿಕಾರಿ ಬರೆದುಕೊಂಡರು. ಹಣೆಗೆ ಹೊಡೆದ ವಿಷಯವೂ ಸೇರಿತು. ಕಡ್ಡಿಯನ್ನು ಕಪ್ಪುಪಟ್ಟಿಗೆ ಹಾಕಲಾಯಿತು.

ಕೊನೆಗೆ ಇಟ್ಟಿಗೆ ಗೂಡಿನ ಯಜಮಾನರು ಮಗನನ್ನು ಕರೆದುಕೊಂಡು ಬಂದರು. ಮಾತಾಡುವ ಹುಡುಗನಲ್ಲ, ಮೌನಿ ಎನ್ನುತ್ತಿದ್ದರು. ಅಧಿಕಾರಿ ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ.

"ಅವನು ಏನೂ ಕೇಳಲ್ಲ ಸಾರ್," ಎಂದರು ಯಜಮಾನರು. "ಮನೇಲೂ ಅಷ್ಟೆ. ಕೊಟ್ರೆ ತಿಂತಾನೆ. ಕೊಡದಿದ್ರೆ ಹಾಗೇ ಮಲಗ್ತಾನೆ."

"ಬೇಡಿಕೆ ಶೂನ್ಯ" ಎಂದು ಅಧಿಕಾರಿ ಘೋಷಿಸಿದರು. ಇಂಥ ವಿಕಸಿತ ಮಗುವನ್ನು ತಾವು ನೋಡಿಯೇ ಇರಲಿಲ್ಲ ಎಂದರು.

ಅದೇ ವಾರ ಅಧ್ಯಕ್ಷರ ಹೊಸ ಕಟ್ಟಡಕ್ಕೆ ಆ ಗೂಡಿನ ಇಟ್ಟಿಗೆ ಬಂದು ಬಿತ್ತು. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅಧ್ಯಕ್ಷರೂ ಯಜಮಾನರೂ ಬೇರೆ ಬೇರೆಯಾಗಿ, ಯಾರೂ ಕೇಳದೆಯೇ ಹೇಳಿದರು.

ಮೌನಿಗೆ ಕಾರ್ಯಾದೇಶ ಕೊಡಲಾಯಿತು. ಅಧ್ಯಕ್ಷರ ಸಹಿ ಇದ್ದ ಆ ಕಾಗದವನ್ನು ಅವನ ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿದರು. ಸ್ನೇಹ ಶುರುವಾಯಿತು. ಗುಂಡು ಕೂತರೆ ಮೌನಿ ಪಕ್ಕದಲ್ಲಿ ಕೂತ. ಗುಂಡು ಎದ್ದರೆ ಎದ್ದ. ಗುಂಡು ಅವನ ತೋಳು ಕಚ್ಚಿದ. ಮೌನಿ ಹಾಗೇ ನಿಂತಿದ್ದ. ಗುಂಡು ಅವನ ಮುಖವನ್ನೇ ನೋಡಿ, ಇನ್ನಷ್ಟು ಬಲವಾಗಿ ಕಚ್ಚಿ, ಮತ್ತೆ ನೋಡಿದ. ಮೌನಿಯ ಕಣ್ಣಲ್ಲಿ ನೀರು ಬಂತು, ದನಿ ಬರಲಿಲ್ಲ. ಅವನ ಠೇವಣಿ ಒಂದು ಮರದ ಕುದುರೆ. ಅದು ಅಧ್ಯಕ್ಷರ ಬೀರುವಿನಲ್ಲಿತ್ತು.

ಗುಂಡು ಅವನನ್ನು ಬಿಟ್ಟು ಬೇಲಿಯ ಹತ್ತಿರ ಹೋಗಿ ನಿಂತ.

ಬೇಲಿಯಾಚೆ ಕಡ್ಡಿ ಇದ್ದಳು. ಕಪ್ಪುಪಟ್ಟಿಯ ಮಕ್ಕಳಿಗೆಂದು ಹಿಂದಿನ ಕೋಣೆಯನ್ನು ಬೇರೆ ಮಾಡಲಾಗಿತ್ತು. ಸದ್ಯಕ್ಕೆ ಅವಳೊಬ್ಬಳೇ ಇದ್ದಳು. ನಡುವೆ ತಂತಿ ಜಾಲರಿ. ಇಬ್ಬರೂ ಜಾಲರಿಯ ಕಣ್ಣುಗಳಲ್ಲಿ ಬೆರಳು ತೂರಿಸಿ ಹಿಡಿದುಕೊಂಡು, ಏನೇನೋ ಹೇಳಿಕೊಂಡು ನಗುತ್ತಿದ್ದರು. ಟೀಚರ್ ಆ ಹೊತ್ತಿನಲ್ಲಿ ಮೋಡ ನೋಡುತ್ತಿದ್ದರು.

ಟೀಚರಿಗೆ ನೋಟಿಸ್ ಬಂತು. ಅನಧಿಕೃತ ಸ್ನೇಹಕ್ಕೆ ಕುಮ್ಮಕ್ಕು ನೀಡಿದ್ದೇಕೆ ಎಂದು ಕೇಳಲಾಗಿತ್ತು. ಟೀಚರ್ ಅಧ್ಯಕ್ಷರ ಮುಂದೆ ನಿಂತು, "ಸಾರ್, ಮಗು ಊಟ ಸರಿಯಾಗಿ ಮಾಡ್ತಿಲ್ಲ. ಮಾತೂ ಕಡಿಮೆ ಆಗಿದೆ. ಅವಳ ಜೊತೆ ಬಿಟ್ರೆ ಸರಿಹೋಗ್ತಾನೆ" ಎಂದರು.

"ಕಚ್ತಾನಾ?"

"ಇಲ್ಲ."

"ಗಲಾಟೆ ಮಾಡ್ತಾನಾ?"

"ಇಲ್ಲ ಸಾರ್. ಅದೇ ನಾನು ಹೇಳೋದು."

"ಮತ್ತಿನ್ನೇನು? ಸುಧಾರಿಸಿದಾನೆ. ಹಾಗಂತ ಬರೀರಿ."

ಟೀಚರ್ ಹಾಗಂತ ಬರೆದರು. ಜಾಲರಿಗೆ ತಗಡು ಹೊಡೆಸಲಾಯಿತು. ಮರಳಿನ ಗುಂಡಿಯ ಬಳಿ 'ಅನುಮತಿಯಿಲ್ಲದೆ ಸ್ನೇಹ ಮಾಡಕೂಡದು' ಎಂಬ ಫಲಕ ನೆಡಲಾಯಿತು. ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ಟೀಚರ್ ನೆನಪಿಸಿದ ಮೇಲೆ, ಕೈ ಹಿಡಿದುಕೊಂಡ ಎರಡು ಮಕ್ಕಳ ಚಿತ್ರ ಬರೆಸಿ ಅದರ ಮೇಲೆ ಕೆಂಪು ಗೀಟು ಎಳೆಸಿದರು.

ಗುಂಡು ಮನೆಯಲ್ಲಿ ಹಟ ಹಿಡಿದ.

"ತಾತ, ನಂಗೆ ಕಡ್ಡಿ ಬೇಕು."

"ಅವಳು ಕಪ್ಪುಪಟ್ಟೀಲಿ ಇದಾಳೆ ಕಂದ."

"ಕಪ್ಪುಪಟ್ಟಿ ಎಲ್ಲಿದೆ?"

"ಆಫೀಸಲ್ಲಿ."

"ಹೋಗಿ ಕರ್ಕೊಂಡು ಬಾ."

ಅಧ್ಯಕ್ಷರಿಗೆ ಮೊಮ್ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನಾ ಸಂಜೆ ಟೆಂಡರ್ ಎಂದರೇನು ಎಂದು ಹೇಳಿಕೊಟ್ಟರು. ಯಾರಾದರೂ ನಗುತ್ತಾ ಬಂದರೆ ಮೊದಲು ಕಾಗದ ಕೇಳಬೇಕು. ಕಾಗದ ಇಲ್ಲದವರಿಗೆ ಕೈ ಕೊಡಬಾರದು. ಬೇಕು ಅನ್ನಿಸಿದ್ದನ್ನು ಬೇಕು ಎಂದು ತೋರಿಸಿಕೊಳ್ಳಲೇಬಾರದು. ತೋರಿಸಿಕೊಂಡರೆ ರೇಟು ಏರುತ್ತದೆ. ಗುಂಡು ಮೊದಮೊದಲು ಅಳುತ್ತಾ ಕೇಳಿದ. ಆಮೇಲೆ ಅಳದೆ ಕೇಳಿದ. ಒಂದು ಸಂಜೆ ತಾತ ಮುದ್ದಿಡಲು ಬಗ್ಗಿದಾಗ, "ಸಹಿ ಆಯ್ತಾ?" ಎಂದು ಕೇಳಿದ. ಅಧ್ಯಕ್ಷರು ಆ ಮಾತನ್ನು ವಾರವಿಡೀ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು.

ಇತ್ತ ಹೊಲಿಗೆಯಾಕೆ ಸುಮ್ಮನೆ ಕೂತಿರಲಿಲ್ಲ. ಮಗಳು ದಿನಾ ತಗಡಿಗೆ ಕಿವಿಯಿಟ್ಟು ನಿಲ್ಲುತ್ತಾಳೆ ಎಂದು ಆಕೆಗೆ ಗೊತ್ತಿತ್ತು. ಅಧ್ಯಕ್ಷರ ಮನೆಗೆ ಹೋಗಿ ಬಾಗಿಲಲ್ಲಿ ನಿಂತಳು.

"ಅಣ್ಣಾ, ನಾಲ್ಕು ವರ್ಷದ ಕೂಸು. ಒಂದು ಮಾತು ಹೇಳಿ ಬಿಟ್ಟುಬಿಡಿ."

"ನನ್ನ ಕೈಲಿ ಏನಿದೆಯಮ್ಮ? ನಿಯಮ ಇದೆ. ಬಕೆಟ್ ಬೀಸಿದ್ದು ನಿನ್ನ ಮಗಳು."

"ಏನು ಬರ್ಕೊಡಬೇಕು ಹೇಳಿ."

ಬಕೆಟ್ ತಾನಾಗಿಯೇ ನಿಂತಿತ್ತೆಂದೂ, ಗುಂಡುವಿನ ಹಣೆ ನಿರಪರಾಧಿಯಾಗಿ ಅತ್ತ ಹೋಗುತ್ತಿದ್ದಾಗ ತನ್ನ ಮಗಳು ಅಡ್ಡ ಬಂದಳೆಂದೂ ಆಕೆ ಬರೆದುಕೊಟ್ಟಳು. ಅಧ್ಯಕ್ಷರಿಗೆ ಮನಸ್ಸು ಕರಗಿತು. ಕಡ್ಡಿಯನ್ನು ಪಟ್ಟಿಯಿಂದ ತೆಗೆದರು. ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸವನ್ನೂ ಆಕೆಗೇ ಕೊಟ್ಟರು. ಆಕೆ ಬರುವಾಗ ಕಣ್ಣೊರೆಸಿಕೊಂಡಿದ್ದಳು. ಹೋಗುವಾಗ ಅಂಗಿಯ ಗುಂಡಿಯ ಬಣ್ಣ ಯಾವುದಿರಲಿ ಎಂದು ಕೇಳುತ್ತಿದ್ದಳು.

ವರ್ಷದ ಕೊನೆಯ ಪರಿಶೀಲನೆಗೆ ವಿಕಾಸಾಧಿಕಾರಿ ಮತ್ತೆ ಬಂದ ದಿನವೇ ಹಿಂದಿನ ಕೋಣೆಯ ಬಾಗಿಲು ತೆಗೆಯಲಾಯಿತು. ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಅಧ್ಯಕ್ಷರಿದ್ದರು, ಯಜಮಾನರಿದ್ದರು, ಹೊಲಿಗೆಯಾಕೆ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಟೀಚರ್ ಪಕ್ಕದಲ್ಲಿ ನಿಂತಿದ್ದಳು. ಗುಂಡು ನಡುವೆ ಒಬ್ಬನೇ ನಿಂತಿದ್ದ. ಕೈ ಕಟ್ಟಿಕೊಂಡಿದ್ದ.

ಕಡ್ಡಿ ಓಡಿಬಂದಳು. ಓಡಿಬಂದ ರಭಸಕ್ಕೆ ಅವನ ಮೇಲೆ ಬೀಳುವಂತಾಗಿ ನಿಂತಳು.

"ಬಾರೋ ಗುಂಡು. ಆಡೋಣ ಬಾ."

ಗುಂಡುವಿನ ಕೈ ಸ್ವಲ್ಪ ಸಡಿಲವಾಯಿತು. ಅವನು ತಾತನ ಕಡೆ ನೋಡಿದ. ಕೈ ಮತ್ತೆ ಕಟ್ಟಿಕೊಂಡ.

"ಆರ್ಡರ್ ಎಲ್ಲಿದೆ?"

"ಯಾವ ಆರ್ಡರು?"

"ತಾತ ಸಹಿ ಹಾಕಿರೋದು. ಇಲ್ದಿದ್ರೆ ಆಡಂಗಿಲ್ಲ."

ಕಡ್ಡಿಗೆ ಅರ್ಥವಾಗಲಿಲ್ಲ. ಅವನ ಕೈ ಹಿಡಿದು ಎಳೆದಳು. ಅವನು ಬರಲಿಲ್ಲ. ಆಗ ಅವಳು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಅವನ ತೋಳು ಕಚ್ಚಿದಳು. ಕಚ್ಚಿ, ಅವನು ಅಳಲಿ ಎಂದು ಕಾದಳು, ಅತ್ತರೆ ಊದಬಹುದಿತ್ತು.

ಗುಂಡು ಅಳಲಿಲ್ಲ. "ನಿನ್ನ ಠೇವಣಿ ಹೋಯ್ತು" ಎಂದ.

ಕುರ್ಚಿಗಳಿಂದ ಚಪ್ಪಾಳೆ ಕೇಳಿಬಂತು. ಅಧಿಕಾರಿ ಎದ್ದು ನಿಂತು ಷರಾ ಓದಿದರು. ಮಗುವಿಗೆ ಆವೇಗದ ಮೇಲೆ ಹತೋಟಿ ಬಂದಿದೆ. ಅಪರಿಚಿತರೊಡನೆ ಎಚ್ಚರ ಇದೆ. ನಿಯಮಗಳಲ್ಲಿ ಗೌರವ ಇದೆ. ಸಾಮಾಜಿಕ ವಿಕಾಸ ಪೂರ್ಣ. ಭಾವನಾತ್ಮಕ ವಿಕಾಸ ಅವಧಿಗೆ ಮುನ್ನವೇ ಪೂರ್ಣ. ಈ ಪದ್ಧತಿಯನ್ನು ಎಲ್ಲ ಶಿಶುವಿಹಾರಗಳಿಗೂ ವಿಸ್ತರಿಸಲು ಶಿಫಾರಸು ಮಾಡಲಾಗಿದೆ. ಟೀಚರ ಕೆಲಸವನ್ನು ಖಾಯಂ ಮಾಡಲಾಗಿದೆ. ಟೀಚರೂ ಚಪ್ಪಾಳೆ ತಟ್ಟಿದರು.

ಕಡ್ಡಿ ಅಂಗಳದ ನಡುವೆ ನಿಂತು ದೊಡ್ಡದಾಗಿ ಅಳುತ್ತಿದ್ದಳು. ಈ ಮಗುವಿನ ವಿಕಾಸ ಹಿಂದುಳಿದಿದೆ ಎಂದು ಅಧಿಕಾರಿ ಇನ್ನೊಂದು ಹಾಳೆಯಲ್ಲಿ ಬರೆದುಕೊಂಡರು.

ಹೊಲಿಗೆಯಾಕೆ ಹೋಗಿ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡಳು. ಸೆರಗಿನಿಂದ ಮೂಗು ಒರೆಸಿದಳು.

"ಅಳಬೇಡ ಕಣೇ. ಅವನು ಕೇಳಿದ್ರಲ್ಲಿ ತಪ್ಪೇನಿದೆ? ಆರ್ಡರ್ ಇಲ್ದೆ ಯಾರಾದ್ರೂ ಆಡ್ತಾರಾ?"