ಎಂಟನೇ ತರಗತಿಗೊಂದು ಕಲ್ಲುಕೊಡಲಿ

ಆದಿಮಾನವನ ಪಾಠ ಶುರುವಾಯಿತೆಂದರೆ ನನ್ನ ಮಾನ ಹೋಗುವ ಕಾಲವೂ ಶುರುವಾಯಿತೆಂದೇ ಲೆಕ್ಕ. ಒಂದು ವರ್ಷವೂ ತಪ್ಪಿದ್ದಿಲ್ಲ. ರಾಜ್ಯದ ಗಡಿ ದಾಟಿ, ಕೆಲಮಂಗಲದ ಆಚೆಗಿರುವ ಸರ್ಕಾರಿ ಶಾಲೆಯ ಕನ್ನಡ ವಿಭಾಗದಲ್ಲಿ ವಿಜ್ಞಾನಕ್ಕೂ ನಾನೇ ಟೀಚರು, ಸಮಾಜಕ್ಕೂ ನಾನೇ ಟೀಚರು. ಹಾಗಾಗಿ ಪ್ರಾಣಿಗಳ ವಿಕಾಸದಿಂದ ಹಿಡಿದು ಕಲ್ಲುಕೊಡಲಿಯವರೆಗೆ ಎಲ್ಲ ಫಜೀತಿಯೂ ನನ್ನ ಪಾಲಿಗೇ. ಇಪ್ಪತ್ತೆರಡು ವರ್ಷದಿಂದ ಕಲ್ಲುಕೊಡಲಿಯ ಪಾಠ ಮಾಡುತ್ತಿದ್ದೇನೆ, ಒಂದನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಪುಸ್ತಕದಲ್ಲಿರುವ ಚಿತ್ರವೋ, ಚೀಪಿ ಬಿಸಾಡಿದ ಮಾವಿನ ವಾಟೆಯ ಹಾಗಿದೆ. ನಿವೃತ್ತಿಗೆ ಮುಂಚೆ ನಿಜವಾದದ್ದೊಂದನ್ನು ತಂದು ಮಕ್ಕಳ ಕೈಗೆ ಕೊಡಬೇಕು ಎನ್ನುವುದು ನನ್ನ ಬಹುಕಾಲದ ಆಸೆಯಾಗಿತ್ತು.

ಹಸುವಿನ ವಿಕಾಸ

ಕುದುರೆ ಮೊದಲು ನಾಯಿಯಷ್ಟೇ ಎತ್ತರವಿತ್ತು, ಕಾಲಲ್ಲಿ ಬೆರಳುಗಳಿದ್ದವು, ಬರುಬರುತ್ತಾ ಗೊರಸಾಯಿತು ಎಂದೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸಿದೆ. "ನಿಮಗೆ ಗೊತ್ತಿರುವ ಒಂದು ಪ್ರಾಣಿ ಹೇಗೆ ಬದಲಾಗುತ್ತ ಬಂತು, ಮೂರು ಹಂತದಲ್ಲಿ ಚಿತ್ರ ಬರೆದು ತನ್ನಿ" ಎಂದು ಮನೆಗೆಲಸ ಕೊಟ್ಟೆ.

ಮಾರನೇ ದಿನ ಒಬ್ಬಳು ಹಸುವಿನ ವಿಕಾಸ ಬರೆದು ತಂದಳು. ಮೊದಲನೆಯದು ಕೊಂಬು, ಡುಬ್ಬ ಎಲ್ಲ ಇದ್ದ ನಾಟಿ ಹಸು. ಎರಡನೆಯದು ಕೊಂಬೂ ಇಲ್ಲದ, ಡುಬ್ಬವೂ ಇಲ್ಲದ ಸೀಮೆ ಹಸು. ಮೂರನೆಯದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್.

ನನಗೆ ರೇಗಿತು. "ತಲೆ ಎಲ್ಲಮ್ಮಾ? ಕಾಲೆಲ್ಲಿ? ಬಾಲ ಎಲ್ಲಿ ಹೋಯಿತು?"

ಅವಳು ತಣ್ಣಗೆ ಹೇಳಿದಳು: "ಬಳಸ್ದೇ ಇದ್ರೆ ಉದುರೋಯ್ತದೆ ಅಂತ ನೀವೇ ಅಂದ್ರಲ್ಲ ಮಿಸ್."

ಬೆಂಕಿ ಕಂಡುಹಿಡಿದವರು

ಆದಿಮಾನವ ಕಲ್ಲಿಗೆ ಕಲ್ಲು ಬಡಿದು ಬೆಂಕಿ ಮಾಡಿದ ಎಂದು ಎಷ್ಟು ಸಲ ಹೇಳುವುದು, ಮಾಡಿಯೇ ತೋರಿಸೋಣ ಎಂದು ಒಂದು ದಿನ ಹುಕಿ ಬಂತು. ಎರಡು ಬೆಣಚುಕಲ್ಲು, ಒಂದು ಹಿಡಿ ಒಣಹುಲ್ಲು ಇಟ್ಟುಕೊಂಡು ಶಾಲೆಯ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಸುತ್ತ ಮಕ್ಕಳು. ಇಪ್ಪತ್ತು ನಿಮಿಷ ಬಡಿದೆ. ಹೆಬ್ಬೆರಳು ಜಜ್ಜಿಹೋಯಿತು, ಬಳೆ ಒಡೆಯಿತು, ಕಿಡಿ ಮಾತ್ರ ಹುಲ್ಲಿನ ಕಡೆಗೆ ತಿರುಗಿಯೂ ನೋಡಲಿಲ್ಲ.

ಬಿಸಿಯೂಟದ ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತು ನೋಡಿದರು. "ಆ ಕಾಲದಾಗೆ ಈ ಬೆಂಕಿ ಕಂಡ್ಹಿಡ್ದೋರು ಗಂಡಸ್ರಾ ಹೆಂಗಸ್ರಾ ಮಿಸ್?" ಎಂದು ಕೇಳಿದರು.

"ಅದು ಯಾರಿಗೂ ಗೊತ್ತಿಲ್ಲ" ಎಂದೆ, ಬೆರಳು ಬಾಯಲ್ಲಿಟ್ಟುಕೊಂಡು.

"ಹೆಂಗಸ್ರೇ ಬುಡಿ. ಗಂಡಸ್ರಾಗಿದ್ರೆ ಹೊತ್ತಿಸ್ಬುಟ್ಟು, ಆರೋಗದಂಗೆ ನೋಡ್ಕಳಕ್ಕೆ ಹೆಂಡ್ತೀನ ಕರೀತಿದ್ರು."

ಮಧ್ಯಾಹ್ನದ ನಿದ್ದೆ

ರಾಯಕೋಟೆಯ ದಾರಿಯಲ್ಲಿ ಒಂದು ಗುಡ್ಡವಿದೆ. ಅದರ ಮೇಲೆ ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲುಮನೆಗಳಿವೆ. ಊರವರು ಪಾಂಡವರ ಮನೆ ಎನ್ನುತ್ತಾರೆ. ಎಂಟನೇ ತರಗತಿಯವರನ್ನು ಅಲ್ಲಿಗೆ ಹತ್ತಿಸಿಕೊಂಡು ಹೋಗಿ, ಏದುಸಿರು ಬಿಡುತ್ತಲೇ ಭಾಷಣ ಶುರು ಮಾಡಿದೆ: "ಮಕ್ಕಳೇ, ಇದು ಮನೆಯಲ್ಲ. ಸಾವಿರಾರು ವರ್ಷದ ಹಿಂದೆ ಸತ್ತವರಿಗಾಗಿ ಕಟ್ಟಿದ ಸಮಾಧಿ!"

ಸಮಾಧಿಯೊಳಗಿಂದ ಒಬ್ಬ ಅಜ್ಜ ಎದ್ದು ಬಂದರು.

ಮಕ್ಕಳು ಕಿರುಚಿಕೊಂಡರು. ಸುಳ್ಳೇಕೆ, ಅವರಿಗಿಂತ ಜೋರಾಗಿ ನಾನೇ ಕಿರುಚಿದ್ದು. ಆಮೇಲೆ ನೋಡಿದರೆ, ಮೇಕೆ ಮೇಯಿಸುವ ಅಜ್ಜ. ಬಿಸಿಲಿಗೆ ಒಳಗೆ ಮಲಗಿದ್ದರಂತೆ.

"ಸಮಾದಿ ಅಂದ್ರಾ? ನಲವತ್ತು ವರ್ಸದಿಂದ ಮದ್ಯಾನ ಇಲ್ಲೇ ಮಲೀಕತೀನಲ್ಲ ನಾನು!" ಎಂದರು. ಹೆದರಿದರೇನೋ, ಪಾಪ, ಎಂದುಕೊಂಡೆ. ಅಜ್ಜ ಕಲ್ಲನ್ನು ಪ್ರೀತಿಯಿಂದ ಸವರಿದರು. "ಒಳ್ಳೇ ಜನ ಬುಡವ್ವ. ಒಂದಿನಾನೂ ಏಳು ಅಂದಿಲ್ಲ. ಮನೇಲಿ ಅರ್ಧ ಗಂಟೆ ಬುಡಕಿಲ್ಲ."

ಹೊರಡುವಾಗ ಅವರಿಗೆ ಪುಸ್ತಕದ ಆ ಮಾವಿನ ವಾಟೆ ತೋರಿಸಿ, ಇಂಥ ಕಲ್ಲೇನಾದರೂ ಎಲ್ಲಾದರೂ ಕಂಡಿದ್ದೀರಾ ಎಂದು ಕೇಳಿದೆ. "ಇದಾ? ನಮ್ಮೂರ ಬೇವಿನ ಮರದಡಿ ಹನ್ನೊಂದು ಐತಲ್ಲ!" ಎಂದುಬಿಟ್ಟರು. ಮಕ್ಕಳನ್ನೂ ಕರೆದುಕೊಂಡು ಅವರ ಹಿಂದೆಯೇ ಆ ಊರಿಗೆ ನಡೆದೆ.

ಹನ್ನೊಂದು ದೇವರು

ನಿಜವಾಗಿಯೂ ಹನ್ನೊಂದಿದ್ದವು. ನುಣುಪಾದ, ಅಂಗೈಯಗಲದ ಕರಿ ಕಲ್ಲುಕೊಡಲಿಗಳು, ಅರಿಶಿನ ಕುಂಕುಮ ಬಳಿದುಕೊಂಡು ಸಾಲಾಗಿ ಕೂತಿದ್ದವು. ಉಳುವಾಗ ನೇಗಿಲಿಗೆ ಇಂಥ ಕಲ್ಲು ಸಿಕ್ಕರೆ ತಂದು ಮರದಡಿ ಇಟ್ಟು ಕೈಮುಗಿಯುವುದು ಆ ಊರಿನ ಪದ್ಧತಿಯಂತೆ. ಪೂಜೆ ಮಾಡುವ ಅಜ್ಜಿಗೆ ನಾನು ಎಲ್ಲ ವಿವರಿಸಿದೆ: ಇದು ದೇವರಲ್ಲ, ಹಳೇ ಕಾಲದವರ ಆಯುಧ, ಇದರಲ್ಲೇ ಮರ ಕಡಿಯುತ್ತಿದ್ದರು.

"ಹಂಗಾರೆ ಇಷ್ಟು ವರ್ಸ ಆಯುಧಪೂಜೆ ಮಾಡ್ದಂಗಾಯ್ತು. ತಪ್ಪೇನೈತೆ?" ಎಂದರು ಅಜ್ಜಿ.

ಮಕ್ಕಳಿಗೆ ಒಂದೇ ಒಂದು ಕೊಡಿ ಎಂದು ಬೇಡಿಕೊಂಡೆ. ಅಜ್ಜಿ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು. "ಕೊಡ್ತೀನಿ. ಆದ್ರೆ ಹನ್ನೊಂದು ಹತ್ತಾಗಂಗಿಲ್ಲ. ಅಂಥದ್ದೇ ಒಂದು ಮಾಡ್ಕಂಡ್ ಬಂದು ಮಡಗಿ."

ಶಾಲೆಗೆ ಬಂದವರೇ ಹೊಳೆಯಿಂದ ಅದೇ ಅಳತೆಯ ಕರಿಕಲ್ಲು ತಂದೆವು. ಬಂಡೆಯ ಮೇಲೆ ಮರಳು, ನೀರು ಹಾಕಿ ಉಜ್ಜಿದೆವು. ಎಂಟನೇ ತರಗತಿಯ ಇಪ್ಪತ್ತಮೂರು ಜನ ಸರದಿಯಂತೆ ಮೂರು ವಾರ ಉಜ್ಜಿದರು. ಗಣಿತದ ಮೇಷ್ಟ್ರು ಸದ್ದು ತಾಳಲಾರದೆ ಕಿಟಕಿ ಮುಚ್ಚಿಕೊಂಡರು. ಕೊನೆಗೆ ಕೈಗೆ ಬಂದದ್ದು ಎಷ್ಟು ಚೆನ್ನಾಗಿತ್ತೆಂದರೆ, ನನಗೆ ಕಣ್ಣಲ್ಲಿ ನೀರು ಬಂತು.

ಮಕ್ಕಳೊಂದಿಗೆ ಅದನ್ನು ಒಯ್ದುಕೊಟ್ಟಾಗ ಅಜ್ಜಿ ಹೊಸದನ್ನೂ, ಕೊಡಬೇಕಾದ ಹಳೆಯದನ್ನೂ ಒಟ್ಟಿಗೆ ಅರಿಶಿನ ನೀರಲ್ಲಿ ಮುಳುಗಿಸಿ, ತೊಳೆದು, ತಟ್ಟೆಯಲ್ಲಿಟ್ಟು, "ನಿಮ್ದು ಎತ್ಕಳವ್ವ" ಎಂದರು. ನೋಡುತ್ತೇನೆ, ಎರಡೂ ಒಂದೇ ಥರ! ಆದರೆ ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ಮಕ್ಕಳೆದುರು ತಡವರಿಸುವುದುಂಟೇ? "ನೋಡಿ ಮಕ್ಕಳೇ, ಹಳೆಯದಕ್ಕೆ ಅದರದ್ದೇ ಒಂದು ಕಳೆ ಇರುತ್ತದೆ" ಎಂದು ಒಂದನ್ನು ಎತ್ತಿ, ಎದೆಗೊತ್ತಿಕೊಂಡು ಅತ್ತೇಬಿಟ್ಟೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಕ್ತಿ ಎಂದುಕೊಂಡೆ.

ತರಗತಿಯಲ್ಲಿ ಅದನ್ನು ಕೆಂಪು ಬಟ್ಟೆಯ ಮೇಲಿಟ್ಟು, "ನವಶಿಲಾಯುಗದ ಕೊಡಲಿ" ಎಂದು ದಪ್ಪಕ್ಷರದಲ್ಲಿ ಬರೆದು ನಿಲ್ಲಿಸಿದೆ. ಆ ವಾರವೇ ಕೃಷ್ಣಗಿರಿಯಿಂದ ತಪಾಸಣೆಗೆ ಅಧಿಕಾರಿ ಬಂದರು. ಕೊಡಲಿಯನ್ನು ಕೈಗೆತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದರು. "ಅಬ್ಬಾ, ಆ ಕಾಲದವರ ಕೈಕೆಲಸ ನೋಡಿ! ಈಗಿನ ಮಕ್ಕಳಿಗೆ ಇಂಥದ್ದು ಮಾಡಿ ಅಂದರೆ ಆಗುತ್ತಾ? ಎಷ್ಟು ವರ್ಷದ್ದಮ್ಮಾ ಇದು?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಹೋದ ತಿಂಗ್ಳುದು ಸಾರ್. ಆ ತುದೀಲಿರೋ ಗೀರು ನಂದು. ಉಜ್ಜೋವಾಗ ಕೈ ಜಾರ್ತು."

ಅಧಿಕಾರಿ ನನ್ನನ್ನು ನೋಡಿದರು. ನಾನು ಮಕ್ಕಳನ್ನು ನೋಡಿದೆ. ಇಪ್ಪತ್ತಮೂರು ತಲೆಗಳೂ ಹೌದೆಂದು ಆಡಿದವು.

"ಮತ್ತೆ ಅವತ್ತೇ ಯಾಕ್ರೇ ಹೇಳಲಿಲ್ಲ?" ಎಂದು ಕೂಗಿದೆ.

"ಎದೆಗ್ ಇಟ್ಕಂಡು ಅಳ್ತಾ ಇದ್ರಲ್ಲ ಮಿಸ್" ಎಂದಳು ಅವಳು, "ಪಾಪ ಅನ್ಸ್ತು."