ಉಸಿರು ಬಿಡುತ್ತಾ ಬರೆದ ಕುಂಬಳಕಾಯಿಗಳು

ನೆಮ್ಮದಿ ಹುಡುಕಿಕೊಂಡು ಹೋದಾಗಲೆಲ್ಲ ನನಗೆ ಇಂಥದ್ದೇ ಏನಾದರೊಂದು ಆಗುತ್ತದೆ. ಅಮೆರಿಕದ ಬೆಲ್ವ್ಯೂಗೆ ಬಂದು ಎಂಟು ವರ್ಷವಾಗಿತ್ತು. ಅಲ್ಲಿನ ಫ್ಯಾಕ್ಟೋರಿಯಾ ಬಡಾವಣೆಯ ಒಂದು ಆಫೀಸಿನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆ ವರ್ಷ ಬಿ.ಪಿ. ಏರಿತು. "ಒಂದು ತಿಂಗಳು ನೋಡೋಣ. ಇಳೀಲಿಲ್ಲ ಅಂದ್ರೆ ಜೀವನಪೂರ್ತಿ ಮಾತ್ರೆ" ಅಂದರು ಡಾಕ್ಟರು. ಹೆಂಡತಿ ಅದೇ ಸಂಜೆ ಹತ್ತಿರದ ಕಮ್ಯುನಿಟಿ ಸೆಂಟರಿನಲ್ಲಿ ನನ್ನ ಹೆಸರು ಬರೆಸಿ ಬಂದಳು. ಅಕ್ಟೋಬರಿನ ಶನಿವಾರಗಳಂದು, ಮೂವತ್ತೊಂದಕ್ಕೆ ಬರುವ ಕುಂಬಳಕಾಯಿ-ದೆವ್ವಗಳ ಹಬ್ಬ ಹ್ಯಾಲೋವೀನಿಗೆ ಚಿತ್ರಕಲೆ. ಮನಸ್ಸು ಹಗುರ ಮಾಡಿಕೊಳ್ಳಬೇಕಾದವರಿಗೆ.

ಮೂರು ರೆಕ್ಕೆ

ಟೀಚರ್ ಬಿಳಿಕೂದಲಿನ ಅಮೆರಿಕನ್ ಅಜ್ಜಿ. "ಒಂದೇ ಒಂದು ಕುಂಬಳಕಾಯಿ ಬರೀರಿ. ಉಸಿರು ಎಳ್ಕೊಳ್ತಾ ಒಂದು ಗೆರೆ, ಬಿಡ್ತಾ ಇನ್ನೊಂದು" ಅಂದರು. ಹತ್ತು ನಿಮಿಷದಲ್ಲಿ ಮೂವತ್ತೆರಡು ಬರೆದು ಕೈಯೆತ್ತಿದೆ.

"ಮುಗಿಸೋದು ಮುಖ್ಯ ಅಲ್ಲ."

"ಮತ್ತೆ, ತಪ್ಪಿದ್ರೆ ಯಾರು ನೋಡ್ತಾರೆ?"

"ಇಲ್ಲಿ ತಪ್ಪು ಅನ್ನೋದೇ ಇಲ್ಲ."

ಪಕ್ಕದಲ್ಲಿದ್ದ ಹೆಂಗಸಿನ ಹಾಳೆ ನೋಡಿದೆ. ಕುಂಬಳಕಾಯಿಯ ಮೇಲೆ ಅವರು ಹಾರಿಸಿದ್ದ ಬಾವಲಿಗೆ ಮೂರು ರೆಕ್ಕೆ. ಒಂದು ಗಂಟೆ ಅದನ್ನು ಯಾರಿಗೂ ಹೇಳದೆ ಕೂತಿದ್ದೆ. ಮನೆಗೆ ಬಂದು ಬಿ.ಪಿ. ನೋಡಿಕೊಂಡರೆ ಹತ್ತು ಪಾಯಿಂಟ್ ಜಾಸ್ತಿ.

ಮೀಸೆ

ಎರಡನೇ ವಾರ, ಆಗಷ್ಟೇ ಮೈಸೂರಿನಿಂದ ಬಂದಿದ್ದ ಅತ್ತೆಯವರೂ ಜೊತೆಗೆ ಬಂದರು. ಅವತ್ತು ನಿಜವಾದ ಕುಂಬಳಕಾಯಿಯ ಮೇಲೆ ಬಣ್ಣ. ಒಳಗೆ ಏನಿದೆಯೋ ಅದು ಹೊರಗೆ ಬರಲಿ ಎಂದರು ಟೀಚರ್. ಅತ್ತೆ ಗುಡ್ಡೆಗಣ್ಣು ಬರೆದರು, ಕೋರೆಹಲ್ಲು ಬರೆದರು, ಚಾಚಿದ ನಾಲಿಗೆ ಬರೆದರು, ಮೇಲೊಂದು ಗಿರಿಜಾ ಮೀಸೆ ಇಟ್ಟರು.

ಟೀಚರ್ ನನ್ನನ್ನು ಮೂಲೆಗೆ ಕರೆದರು. "ಇವರಿಗೆ ಯಾರ ಮೇಲೋ ತುಂಬಾ ಕೋಪ ಇದೆ. ನಿಧಾನವಾಗಿ ಕೇಳಿ."

ಕೇಳಿದೆ. "ಕೋಪ ಯಾಕಿರತ್ತೆ ಅಳಿಯಂದ್ರೇ? ನಿಮ್ಮನೆಗೊಂದು ದೃಷ್ಟಿಬೊಂಬೆ ಇಲ್ವಲ್ಲಾ ಅಂತ ಬರೆದೆ" ಅಂದರು ಅತ್ತೆ.

ನೆರೆಹೊರೆಯವರ ಹೊಟ್ಟೆಕಿಚ್ಚು ಮನೆಗೆ ತಾಗದಿರಲಿ ಅಂತ ಬಾಗಿಲಿಗೆ ಕಟ್ಟುತ್ತೇವೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಟೀಚರ್ ಹೋಗಿ ಆ ಮೀಸೆಯನ್ನು ಹತ್ತಿರದಿಂದ ನೋಡಿ ಬಂದರು. ಆಮೇಲೆ, "ನಾನು ಹೋದ ತಿಂಗಳು ಅಡುಗೆಮನೆ ಹೊಸದಾಗಿ ಮಾಡಿಸಿದೀನಿ. ನನಗೂ ಒಂದು ಬರೆದುಕೊಡ್ತಾರಾ?" ಎಂದರು.

ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಲಾಸು ಒಳಮನಸ್ಸನ್ನು ಬಿಟ್ಟು, ಪಕ್ಕದ ಮನೆಯವರನ್ನು ನೆನೆಸಿಕೊಂಡು ಮೀಸೆ ಬರೆಯುತ್ತಿತ್ತು.

ಕಾರಣ

ಮೂರನೇ ವಾರದ ಕೊನೆಗೆ ಡಾಕ್ಟರ ಹತ್ತಿರ ಹೋದೆ. ಬಿ.ಪಿ. ಇಳಿದಿತ್ತು, ಮಾತ್ರೆ ತಪ್ಪಿತು. ಚಿತ್ರಕಲೆಯಿಂದಲೇ ಇಳಿಯಿತು ಎಂದುಕೊಂಡ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಕುಂಬಳಕಾಯಿ ಚಿತ್ರವನ್ನು ಕೇಳಿ ಪಡೆದು ಬೇರೆ ರೋಗಿಗಳಿಗೆ ಕಾಣುವ ಹಾಗೆ ಗೋಡೆಗೆ ಅಂಟಿಸಿದರು. ಅತ್ತೆ ಬಂದ ದಿನದಿಂದ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯನ್ನು ಅವರು ಎಲ್ಲಿ ಬಚ್ಚಿಟ್ಟಿದ್ದಾರೆಂದೇ ನನಗೆ ಗೊತ್ತಿಲ್ಲ ಅನ್ನುವ ವಿಷಯವನ್ನು ನಾನು ಎತ್ತಲಿಲ್ಲ.

ಡ್ಯೂ

ಕೊನೆಯ ಶನಿವಾರ ದೆವ್ವ ಬರೆಯಬೇಕಿತ್ತು, ಮೂವತ್ತೊಂದಕ್ಕೆ ಸೆಂಟರಿನ ಗೋಡೆಗೆ ಹಾಕಲು. ನಾನು ಬರೆದ ಮೂರು ದೆವ್ವ ಕೆಟ್ಟುಹೋದವು. ನಾಲ್ಕನೆಯದನ್ನು ಕಣ್ಣು ಮುಚ್ಚಿಕೊಂಡು ಬರೆಯಿರಿ ಎಂದರು ಟೀಚರ್. ಮುಚ್ಚಿದೆ, ಹಾಗೇ ನಿದ್ದೆ ಹೋದೆ. ಕಡೆಗೂ ಈ ಮನುಷ್ಯನಿಗೆ ಆರಾಮ ಸಿಕ್ಕಿತಲ್ಲಾ ಎಂದು ಅವರು ನನ್ನನ್ನು ಎಬ್ಬಿಸದೆ ಕ್ಲಾಸು ಮುಗಿಸಿ ಹೋಗಿಬಿಟ್ಟರು. ಅದೇ ರೂಮಿನಲ್ಲಿ ನಮ್ಮ ನಂತರ ಬಸುರಿಯರಿಗೂ ಅವರ ಗಂಡಂದಿರಿಗೂ ಹೆರಿಗೆಯ ತಯಾರಿ ಕ್ಲಾಸು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಎಚ್ಚರವಾದಾಗ ಮಂದ ಬೆಳಕು. ಯಾರೋ, "ಉಸಿರು ಎಳ್ಕೊಳ್ಳಿ, ಬಿಡಿ" ಅನ್ನುತ್ತಿದ್ದರು. ಸರಿ, ನಮ್ಮ ಕ್ಲಾಸೇ ಎಂದುಕೊಂಡು ನಾನೂ ಎಳೆದುಕೊಂಡು ಬಿಟ್ಟೆ. ಹೊಸ ಟೀಚರ್ ಒಬ್ಬರು ಬಂದು ಪಕ್ಕದಲ್ಲಿ ಕೂತರು.

"ನಿಮ್ಮದು ಡ್ಯೂ ಯಾವಾಗ?"

"ಮೂವತ್ತೊಂದಕ್ಕೆ."

"ಇಷ್ಟು ಹತ್ತಿರಾನಾ! ಹೆಂಡತಿ ಬರಲಿಲ್ವಾ?"

"ಇಲ್ಲ. ನೀವು ಹೋಗಿ ಉಸಿರಾಡ್ಕೊಂಡು ಬನ್ನಿ, ನಾನು ಕಾಸ್ಟ್ಕೋ ಅಂಗಡಿಗೆ ಹೋಗ್ತೀನಿ ಅಂದ್ಲು."

ಆಕೆ ಇನ್ನಷ್ಟು ಹತ್ತಿರ ಸರಿದರು. "ಇದು ಮೊದಲನೇದಾ?"

"ಅಲ್ಲ, ನಾಲ್ಕನೇದು" ಅಂದೆ. "ಮೊದಲಿನ ಮೂರೂ ಚೆನ್ನಾಗಿ ಬರಲಿಲ್ಲ. ಕಸದ ಬುಟ್ಟಿಗೆ ಹಾಕ್ದೆ."