ಕಪ್ಪು ಮರದ ಕ್ರಿಸ್ಮಸ್

ಬೇರೆಯವರ ಮನೆಗೆ ಹಬ್ಬ ಬರುತ್ತದೆ, ಹೋಗುತ್ತದೆ. ನಮ್ಮ ಮನೆಗೆ ಬಂದರೆ ಮಾತ್ರ ಏನಾದರೊಂದು ನಡೆದೇ ತೀರುತ್ತದೆ. ನಾನು ಎಷ್ಟು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡುತ್ತೇನೋ ಅಷ್ಟು ಅಚ್ಚುಕಟ್ಟಾಗಿ ಅದು ನಡೆಯುತ್ತದೆ. ಹಾಗಾಗಿ ನಡೆದದ್ದನ್ನು ಬರೆದಿಡುತ್ತೇನೆ. ಬಿ.ಎಸ್ಸಿ. ಓದುವಾಗ ಸಸ್ಯಶಾಸ್ತ್ರದ ಮೇಷ್ಟ್ರು ಹಾಕಿಕೊಟ್ಟ ಅಭ್ಯಾಸ ಅದು.

ನಾವು ಉಡುಪಿಯವರು. ನಮ್ಮವರು ಮಲೇಷ್ಯಾದ ಪುತ್ರಜಯಾ ಹತ್ತಿರದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಾರೆ. ಇಲ್ಲಿರುವ ಕನ್ನಡ ಕ್ರೈಸ್ತ ಕುಟುಂಬಗಳೆಲ್ಲ ಡಿಸೆಂಬರಿನಲ್ಲಿ ಒಂದು ದಿನ ಮನೆಮನೆಗೆ ಹೋಗಿ ಕ್ಯಾರಲ್ ಹಾಡಿ, ಕೊನೆಯ ಮನೆಯಲ್ಲಿ ಊಟಕ್ಕೆ ಸೇರುತ್ತೇವೆ. ಆ ಕೊನೆಯ ಮನೆ ಮೊದಲಿನಿಂದಲೂ ಕ್ಲಾಂಗ್ ಬಂದರಿನ ಕಡೆ ಇರುವ ಒಬ್ಬಾಕೆಯದು. ಈ ಸಲ ಸಭಾಪಾಲಕರು ನನ್ನನ್ನು ಕರೆದು, “ಈ ವರ್ಷ ನಿಮ್ಮಲ್ಲಿ ಮಾಡಿ ನೋಡುವ ಅಮ್ಮ. ಚೆನ್ನಾಗಿ ನಡೆದರೆ ಮುಂದೆಯೂ ನಿಮ್ಮಲ್ಲೇ ಇರಲಿ” ಎಂದರು.

ಆ “ಮಾಡಿ ನೋಡುವ” ನನಗೆ ಸ್ವಲ್ಪ ಚುಚ್ಚಿತು. ನೋಡುವುದೇನು, ಮಾಡಿಯೇ ತೋರಿಸುತ್ತೇನೆ ಎಂದುಕೊಂಡೆ.

ಮನೆಗೆ ಬಂದು ಹಳೆಯ ಆಲ್ಬಮ್‌ಗಳನ್ನು ತೆಗೆದೆ. ಪ್ರತಿ ಫೋಟೋದ ಕೆಳಗೆ ವರ್ಷ ಬರೆದಿದ್ದೆ, ಒಳ್ಳೆಯದಾಯಿತು. ಇಲ್ಲದಿದ್ದರೆ ಯಾವುದು ಯಾವ ವರ್ಷದ್ದು ಎಂದು ದೇವರಿಗೇ ಗೊತ್ತು. ಎಲ್ಲದರಲ್ಲೂ ಅದೇ ಕೆಂಪು, ಅದೇ ಹಸಿರು, ಅದೇ ಜರಿ. ಈ ಸಲ ಬೇರೆ ಎಂದು ತೀರ್ಮಾನಿಸಿದೆ. ಕಪ್ಪು, ಕಡುನೀಲಿ, ಕಾಡಿನ ಹಸಿರು, ನೇರಳೆ ಹಣ್ಣಿನ ಬಣ್ಣ. ಅದರ ಮೇಲೆ ಸಣ್ಣಸಣ್ಣ ಹಳದಿ ದೀಪಗಳು.

“ಕತ್ತಲೆ ಆಗುವುದಿಲ್ಲವಾ?” ಎಂದರು ನಮ್ಮವರು.

“ಬೆತ್ಲೆಹೇಮಿನಲ್ಲಿ ಅವತ್ತು ಕತ್ತಲೆಯೇ ಇತ್ತು. ಇಲ್ಲದಿದ್ದರೆ ನಕ್ಷತ್ರ ಕಾಣುತ್ತಿತ್ತಾ?” ಎಂದೆ.

ಅವರು ಪೇಪರು ಎತ್ತಿಕೊಂಡರು.

ಮರ

ಹಬ್ಬದ ಸಾಮಾನಿನ ಅಂಗಡಿಯಲ್ಲಿ ಕಪ್ಪು ಕ್ರಿಸ್ಮಸ್ ಮರ ಬೇಕು ಎಂದಾಗ ಅಂಗಡಿಯ ತಮಿಳು ಯಜಮಾನರು ನನ್ನನ್ನು ಒಮ್ಮೆ, ನಮ್ಮವರನ್ನು ಒಮ್ಮೆ ನೋಡಿದರು.

“ಅಕ್ಕಾ, ಹಸಿರು ಇದೆ. ಬಿಳಿ ಇದೆ. ಪಿಂಕ್ ಕೂಡ ಇದೆ.”

“ಕಪ್ಪು.”

“ಕಪ್ಪು ಒಂದೇ ಒಂದು ಇದೆ ಲಾ. ಹ್ಯಾಲೋವೀನ್‌ದು. ಯಾರೂ ತೆಗೆದುಕೊಂಡಿಲ್ಲ.”

ಗೋದಾಮಿನಿಂದ ತಂದು ನಿಲ್ಲಿಸಿದರು. ಮರವೇನೋ ಸೊಗಸಾಗಿತ್ತು, ನನ್ನಷ್ಟೇ ಎತ್ತರ. ಆದರೆ ಕೊಂಬೆಕೊಂಬೆಗೂ ಜೇಡ, ಬಾವಲಿ, ಪ್ಲಾಸ್ಟಿಕ್ಕಿನ ಎಲುಬಿನ ಕೈಗಳು. ಅವನ್ನೆಲ್ಲ ಕಿತ್ತು ಕೊಡಿ ಎಂದರೆ, ಸೆಟ್ಟು ಒಡೆದು ಮಾರುವುದಿಲ್ಲ ಎಂದರು. ಜೇಡ ಸಮೇತ ಕಾರಿಗೆ ಏರಿಸಿದೆವು.

ಮನೆಯಲ್ಲಿ ನಾನು ಕತ್ತರಿ ಹಿಡಿದು ಒಂದೊಂದೇ ಬಿಡಿಸುತ್ತಿದ್ದೆ. ಎಲುಬಿನ ಕೈಗಳನ್ನು ಮಾತ್ರ ನಮ್ಮವರು ತಾವೇ ಬಿಡಿಸುವುದಾಗಿ ಹೇಳಿ ಕೂತರು. ಕನ್ನಡಕ ಏರಿಸಿ, ಒಂದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಹಬ್ಬದ ಮರದ ಮೇಲೆ ಇಂಥದ್ದು ಇರಬಾರದೆಂದು ಅವರಿಗೂ ಅನಿಸಿತಲ್ಲ ಎಂದು ನನಗೆ ಸಮಾಧಾನವಾಯಿತು.

“ಇದನ್ನು ಖಂಡಿತ ತೆಗೆದುಹಾಕು” ಎಂದರು. “ಮಣಿಕಟ್ಟಿನ ಎಲುಬುಗಳು ಅರ್ಧಕ್ಕರ್ಧ ಇಲ್ಲ. ನನ್ನ ವಿದ್ಯಾರ್ಥಿಗಳು ಯಾರಾದರೂ ಬಂದರೆ ಮಾನ ಹೋಗುತ್ತದೆ.”

ಅಕ್ಕ

ಹಬ್ಬಕ್ಕೆಂದು ನಮ್ಮವರ ಅಕ್ಕ ಉಡುಪಿಯಿಂದ ಬಂದರು. ಪೆಟ್ಟಿಗೆಯ ಅರ್ಧದಲ್ಲಿ ತಿಂಡಿ, ಉಳಿದರ್ಧದಲ್ಲಿ ಕೆಂಪು ಜರಿ, ಮರಕ್ಕೆ ತೂಗುವ ಕೆಂಪು ಗೋಲಿ, ಮಡಚಿದ ಕೆಂಪು ಕಾಗದದ ನಕ್ಷತ್ರ. ಹಾಲ್‌ಗೆ ಕಾಲಿಟ್ಟವರು ಕಡುನೀಲಿ ಪರದೆಯನ್ನೂ ಮೇಜಿನ ಮೇಲಿನ ಕಪ್ಪು ಹಾಸನ್ನೂ ನೋಡಿ ಅಲ್ಲೇ ನಿಂತರು.

“ಎಂತ ಮಾರಾಯ್ತಿ, ಮೇಜಿಗೆ ಕೊಡೆಯ ಬಟ್ಟೆ ಹಾಸಿದ್ದೀಯಲ್ಲ. ಊಟ ಮಾಡುವಾಗ ಮಳೆ ಬರ್ತದಾ?”

ನಾನು ಪೆಟ್ಟಿಗೆಯನ್ನು ಒಳಗೆ ಒಯ್ದು, ಕೆಂಪನ್ನೆಲ್ಲ ಕಪಾಟಿಗೆ ಹಾಕಿದೆ. ಆದರೆ ಮರುದಿನ ಬೆಳಿಗ್ಗೆ ಮರದ ಹಿಂಬದಿಯಲ್ಲಿ ಒಂದು ಕೆಂಪು ಗೋಲಿ ನೇತಾಡುತ್ತಿತ್ತು. ತೆಗೆದೆ. ಮಧ್ಯಾಹ್ನ ಎರಡು ಇದ್ದವು. ಅವನ್ನೂ ತೆಗೆದೆ. ಸಂಜೆ ಸೋಫಾದ ಕಾಲಿಗೆ ಜರಿ ಸುತ್ತಿತ್ತು. ನಮ್ಮವರ ಕಡೆ ತಿರುಗಿದರೆ, “ನಾನು ಏನೂ ನೋಡಿಲ್ಲ” ಎಂದರು, ಏನೂ ಕೇಳುವ ಮೊದಲೇ.

ಕೊನೆಗೆ ಒಪ್ಪಂದಕ್ಕೆ ಬಂದೆವು. ಹಾಲ್, ಊಟದ ಕೋಣೆ, ಬಾಗಿಲು ನನಗೆ. ಅತಿಥಿಗಳ ಬಾತ್‌ರೂಮು ಅಕ್ಕನಿಗೆ. ಅವರು ಒಂದು ಇಡೀ ದಿನ ಒಳಗೆ ಕೆಲಸ ಮಾಡಿದರು. ಕನ್ನಡಿಗೆ ಜರಿ, ನಲ್ಲಿಗೆ ರಿಬ್ಬನ್ನು, ಫ್ಲಶ್ಶಿನ ಮೇಲೆ ಸಾಂತಾ, ಮಧ್ಯದಲ್ಲಿ ಉರಿಯುವ ಕೆಂಪು ನಕ್ಷತ್ರ.

ಮರುದಿನ ನಲ್ಲಿ ಸೋರುತ್ತದೆಂದು ರಿಪೇರಿಯವರು ಬಂದರು. ಕಪ್ಪು ಮರದ ಪಕ್ಕದಿಂದ, ನೀಲಿ ಪರದೆ ದಾಟಿ ಸುಮ್ಮನೆ ಒಳಗೆ ಹೋದರು. ಕೆಲಸ ಮುಗಿಸಿ ಬಾತ್‌ರೂಮಿನಿಂದ ಹೊರಗೆ ಬಂದವರು ಅಕ್ಕನ ಕೈ ಕುಲುಕಿ, “ಮೆರಿ ಕ್ರಿಸ್ಮಸ್” ಎಂದರು.

ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಮಾತ್ರ ನಾನು ಬರೆದಿಟ್ಟಿಲ್ಲ.

ಕೇಕು

ಅಕ್ಕ ನನ್ನ ಬಣ್ಣಗಳ ಪರ ಮಾತಾಡಿದ್ದು ಒಂದೇ ಸಲ. ಪ್ಲಮ್ ಕೇಕನ್ನು ಒಲೆಯಲ್ಲಿಟ್ಟು ಊರಿಗೆ ಫೋನು ಹಚ್ಚಿದ್ದರು. ಬಾತ್‌ರೂಮಿನ ವರ್ಣನೆ ಮುಗಿಯುವಷ್ಟರಲ್ಲಿ ಅಡುಗೆಮನೆ ತುಂಬ ಹೊಗೆ. ತೆಗೆದು ನೋಡಿದರೆ ಕೇಕು ಇದ್ದಿಲಾಗಿತ್ತು. ನಾನು ಎಸೆಯಲು ಹೋದೆ. ಅಕ್ಕ ತಟ್ಟೆ ಹಿಡಿದುಕೊಂಡರು.

“ಇರಲಿ ಬಿಡು. ನಿನ್ನ ಪರದೆಗೆ ಒಪ್ತದೆ.”

ಎದುರು ಮನೆಯವರು

ಮುಂಬಾಗಿಲಿಗೆ ನಾನೇ ಒಂದು ದುಂಡನೆಯ ಕ್ರಿಸ್ಮಸ್ ಮಾಲೆ ಕಟ್ಟಿದೆ. ಒಣ ಎಲೆಗಳಿಗೆ ಕಪ್ಪು ಬಣ್ಣ, ನಡುವೆ ಕಡುನೀಲಿ ರೇಷ್ಮೆಯ ಗಂಟು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಆದ ಅತಿ ಚೆಂದದ ಕೆಲಸ ಅದು.

ಎದುರು ಮನೆಯಲ್ಲಿ ಇರುವವರು ಒಬ್ಬ ಚೀನೀ ಆಂಟಿ. ದಿನಾ ಲಿಫ್ಟಿನ ಹತ್ತಿರ ಸಿಕ್ಕರೆ ತರಕಾರಿ ರೇಟಿನಿಂದ ಹಿಡಿದು ಎಲ್ಲವನ್ನೂ ಗಟ್ಟಿಯಾಗಿ ಮಾತಾಡುವವರು. ಮಾಲೆ ಹಾಕಿದ ದಿನದಿಂದ ಅವರ ಧ್ವನಿ ಇಳಿಯಿತು. ಆ ವಾರ ನಮ್ಮವರು ಪರೀಕ್ಷೆ ನಡೆಸಲು ಪೆನಾಂಗಿಗೆ ಹೋಗಿದ್ದರು. ಅಕ್ಕ ಗಾಳಿ ಬರಲಿ ಎಂದು ಬಾಗಿಲು ತೆರೆದು, ಕಬ್ಬಿಣದ ಗ್ರಿಲ್ಲಿನ ಹಿಂದೆ ಕುರ್ಚಿ ಹಾಕಿ, ಹಬ್ಬದ ಅಡುಗೆಗೆ ಸಾಂಬಾರ್ ಈರುಳ್ಳಿ ಸುಲಿಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಂಟಿ ಅತ್ತ ಇತ್ತ ಹೋಗುವಾಗಲೆಲ್ಲ ಅವರಿಗೆ ತಲೆ ಬಾಗಿಸಿ ಹೋಗುತ್ತಿದ್ದರು.

ಕ್ಯಾರಲ್‌ನ ಹಿಂದಿನ ದಿನ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ತಪಾವು ಡಬ್ಬಿ, ಅಂಗಡಿಯಿಂದ ಕಟ್ಟಿಸಿಕೊಂಡು ಬಂದ ಬಿಸಿ ಗಂಜಿ. ನನ್ನ ಕೈ ಹಿಡಿದು, “ಯು ಮಸ್ಟ್ ಈಟ್ ಆಹ್. ಕುಕ್ಕಿಂಗ್ ನೋ ನೀಡ್” ಎಂದರು. ಕಣ್ಣು ತುಂಬಿಕೊಂಡಿತ್ತು.

ನಾಳೆ ತುಂಬ ಜನ ಬರುತ್ತಾರೆ, ನೀವೂ ಬನ್ನಿ ಎಂದೆ. ಖಂಡಿತ ಬರುತ್ತೇನೆ, ಕೆಳಗೆ ಗೇಟಿನವರಿಗೂ ಹೇಳಿಡುತ್ತೇನೆ ಎಂದರು.

ಇಂಥ ನೆರೆಯವರು ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡು ಪೂರ್ತಿ ಗಂಜಿ ಕುಡಿದೆ.

ಕ್ಯಾರಲ್

ಕೆಳಗೆ ಗೇಟಿನಲ್ಲಿ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ. ಆದರೂ ಅದನ್ನು ಮೊದಲು ಹೇಳಬೇಕು.

ಕ್ಯಾರಲ್ ತಂಡದ ಕಾರುಗಳು ಬಂದು ನಿಂತಾಗ ಕಾವಲಿನವರು ನಮ್ಮ ಮನೆ ನಂಬರು ಕೇಳಿ ಟೋಪಿ ತೆಗೆದರಂತೆ. “ಡಾಕ್ಟರ್ ಅಂಕಲ್ ಹೋಗಿಬಿಟ್ಟರು. ಅವರ ಅಕ್ಕ ಇಂಡಿಯಾದಿಂದ ಬಂದಿದ್ದಾರೆ. ಅವರ ಹೆಂಡತಿ ಊಟ ಬಿಟ್ಟಿದ್ದಾರೆ” ಎಂದರಂತೆ. ತಂಡದವರು ಪಾರ್ಕಿಂಗಿನಲ್ಲಿ ಸಾಂತಾ ಟೋಪಿಗಳನ್ನು ಕಿಸೆಗೆ ತುರುಕಿಕೊಂಡರು. ಗಿಟಾರು ಕಾರಿನಲ್ಲೇ ಉಳಿಯಿತು. ಹಾಡಿನ ಹಾಳೆಗಳನ್ನೂ ಅಲ್ಲೇ ಬಿಟ್ಟರು. ಮೇಲೆ ಬಂದು ಬಾಗಿಲಲ್ಲಿ ಕಪ್ಪು ಮಾಲೆ ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ನಮ್ಮವರು ಆ ಬೆಳಿಗ್ಗೆಯೇ ಸಹೋದ್ಯೋಗಿಯ ಕಾರಿನಲ್ಲಿ ಪೆನಾಂಗಿನಿಂದ ಮರಳಿದ್ದರು, ಗೇಟಿನವರಿಗೆ ಕಾಣದೆ. ತಂಡ ಮೇಲೆ ಬರುವಾಗ ಅವರು ಕಟ್ಟಡದ ಕೆಳಗಿನ ಅಂಗಡಿಗೆ ಐಸು ತರಲು ಇಳಿದಿದ್ದರು.

ನಾನು ಬಾಗಿಲು ತೆರೆದೆ. ಎಲ್ಲರೂ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಒಬ್ಬರ ಹಿಂದೆ ಒಬ್ಬರು ಒಳಗೆ ಬಂದು ಗೋಡೆಯ ಉದ್ದಕ್ಕೂ ನಿಂತರು. ಕಪ್ಪು ಮರ, ನೀಲಿ ಪರದೆ, ನಕ್ಷತ್ರಗಳ ಹಾಗೆ ಚೆಲ್ಲಿದ ದೀಪಗಳು. ಯಾರ ಬಾಯಿಂದಲೂ ಮಾತಿಲ್ಲ. ಬೆರಗಾಗಿದ್ದಾರೆ ಎಂದುಕೊಂಡೆ. ಕ್ಲಾಂಗ್ ಬಂದರಿನವರ ಕಣ್ಣಲ್ಲಿ ನೀರು ಕಂಡಾಗ, ಕೊನೆಗೂ ಸೋತರು ಎಂದುಕೊಂಡೆ.

ಹಾಡು ಶುರುವಾಯಿತು. ಬಹಳ ನಿಧಾನ, ಬಹಳ ತಗ್ಗು. ಸಮಾಧಿಯ ಹತ್ತಿರ ಹಾಡುವ ಕೀರ್ತನೆ ಅದು, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಕೋಣೆಯ ಬಣ್ಣಕ್ಕೆ ಹೊಂದುವ ಹಾಡನ್ನೇ ಹುಡುಕಿ ತಂದಿದ್ದಾರಲ್ಲ, ಎಂಥ ರುಚಿ ಎಂದು ಮನಸ್ಸು ತುಂಬಿತು. ಎದುರು ಮನೆ ಆಂಟಿ ನನ್ನ ಪಕ್ಕಕ್ಕೆ ಬಂದು ಬೆನ್ನು ಸವರುತ್ತಿದ್ದರು.

ಸಭಾಪಾಲಕರು ನನ್ನ ಕೈ ಹಿಡಿದರು. “ಧೈರ್ಯವಾಗಿರಿ ಅಮ್ಮ.”

“ಧೈರ್ಯವಾಗಿಯೇ ಇದ್ದೇನೆ ಅಯ್ಯನವರೇ. ಮನೆಯವರೆಲ್ಲ ಬೇಡ ಅಂದರು, ನಾನು ಹಟ ಬಿಡಲಿಲ್ಲ” ಎಂದೆ.

ಅವರು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ ಪ್ರಾರ್ಥನೆ ಶುರುಮಾಡಿದರು.

ಆಗ ನಮ್ಮವರು ಐಸಿನ ಚೀಲ ಹಿಡಿದು ಬಾಗಿಲಿಗೆ ಬಂದರು. ಪ್ರಾರ್ಥನೆ ನಡೆಯುವಾಗ ನಡುವೆ ನುಗ್ಗುವವರಲ್ಲ ಅವರು. ಎಲ್ಲರ ಹಿಂದೆ ನಿಂತು ತಲೆ ಬಾಗಿಸಿದರು. ಸಭಾಪಾಲಕರು ಒಬ್ಬ ದೊಡ್ಡ ಮನುಷ್ಯರ ಗುಣಗಳನ್ನು ಹೇಳುತ್ತಿದ್ದರು. ಅವರು ಎಂದೂ ಯಾರ ಮೇಲೂ ರೇಗಿದವರಲ್ಲ, ವಿದ್ಯಾರ್ಥಿಗಳಿಗೆ ತಂದೆಯ ಹಾಗೆ ಇದ್ದರು, ಅವರ ನಗು ಇನ್ನು ಮುಂದೆ ಈ ಮನೆಯಲ್ಲಿ ಕೇಳುವುದಿಲ್ಲ. ಯಾರೋ ಪುಣ್ಯಾತ್ಮರು ತೀರಿಕೊಂಡಿದ್ದಾರೆ, ಪರೀಕ್ಷೆಯ ಗಡಿಬಿಡಿಯಲ್ಲಿ ತಮಗೆ ಸುದ್ದಿ ತಲುಪಿಲ್ಲ ಎಂದು ನಮ್ಮವರು ತಿಳಿದರು. ಐಸಿನ ನೀರು ಕಾಲ ಮೇಲೆ ತೊಟ್ಟಿಕ್ಕುತ್ತಿದ್ದರೂ ಅಲುಗಾಡಲಿಲ್ಲ. ಪ್ರಾರ್ಥನೆ ಮುಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ “ಆಮೆನ್” ಎಂದರು.

ಆ ಧ್ವನಿ ಅಲ್ಲಿ ಎಲ್ಲರಿಗೂ ಪರಿಚಯದ್ದು. ಒಬ್ಬೊಬ್ಬರೇ ಕಣ್ಣು ತೆರೆದು ಹಿಂದೆ ತಿರುಗಿದರು. ಆಂಟಿ ನನ್ನ ಬೆನ್ನು ಸವರುವುದನ್ನು ನಿಲ್ಲಿಸಿ ಸೋಫಾದಲ್ಲಿ ಕೂತುಬಿಟ್ಟರು. ನಮ್ಮವರು ಸಭಾಪಾಲಕರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, “ಯಾರು ತೀರಿಕೊಂಡದ್ದು?”

“ನೀವು” ಎಂದರು ಅವರು.

ನಂತರದ ಗದ್ದಲವನ್ನು ಬರೆಯಲು ಸಾಧ್ಯವಿಲ್ಲ. ಯಾರೋ ಓಡಿಹೋಗಿ ಗಿಟಾರು ತಂದರು. ಸತ್ತವರು ಎದ್ದು ಬಂದರೆ ಜನ ಹೇಗೆ ಹಾಡುತ್ತಾರೋ ಹಾಗೆ ಹಾಡಿದರು, ಹಾಗೆಯೇ ತಿಂದರು. ಕೋಳಿ ಸುಕ್ಕದ ಪಾತ್ರೆಯಲ್ಲಿ ಮಸಾಲೆಯ ಗೆರೆಯೂ ಉಳಿಯಲಿಲ್ಲ. ಕ್ಲಾಂಗ್ ಬಂದರಿನವರೇ ಬಂದು, ಇಷ್ಟು ಖುಷಿಯ ಕ್ಯಾರಲ್ ತಮ್ಮ ಮನೆಯಲ್ಲಿ ಎಂದೂ ಆಗಿಲ್ಲ ಎಂದು ಒಪ್ಪಿಕೊಂಡರು.

ಹೊರಡುವಾಗ ಸಭಾಪಾಲಕರು ಬಾಗಿಲಲ್ಲಿ ನಿಂತು ಮಾಲೆಯನ್ನು ಒಮ್ಮೆ ನೋಡಿದರು. ನಾನು ನನ್ನ ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ.

“ಮುಂದಿನ ವರ್ಷವೂ ನಿಮ್ಮಲ್ಲೇ ಅಮ್ಮ” ಎಂದರು. “ಬಣ್ಣ ನಿಮ್ಮಿಷ್ಟ. ಆದರೆ ನಾವು ಬರುವಾಗ ಡಾಕ್ಟರು ಗೇಟಿನಲ್ಲಿ ನಿಂತಿರಬೇಕು.”